ಇಡ್ಲಿ ಹಿಟ್ಟಿನ ಗಾಡಿಗೆ ಒಂದು ಪಾಟಾ ಹೆಚ್ಚು

ನನ್ನ ನೆನಪಿನಲ್ಲಿ ಅಂದು ಮಳೆ ಬರುತ್ತಿತ್ತು. ಡೊಂಬಿವಲಿಯ ನಮ್ಮ ಕಟ್ಟಡದ ಹಿಂದಿನ ಗಲ್ಲಿಯಲ್ಲಿ ಪಿಕಪ್ಪಿನ ಕೆಳಗೆ ಅಂಗಾತ ಮಲಗಿದ್ದೆ. ಮೈಕೆಳಗೆ ಹಾಸಿದ್ದ ರಟ್ಟು ನೆನೆದು ಬೆನ್ನಿಗೆ ಅಂಟಿತ್ತು. ಹೆಂಡತಿಯ ಪ್ರಕಾರ ಅಂದು ಮಳೆಯೇ ಇರಲಿಲ್ಲ. ಸುಡುಬಿಸಿಲು; ಬೆನ್ನಿಗೆ ಅಂಟಿದ್ದು ಬೆವರು. ಗ್ರೀಸು ಮೆತ್ತಿದ ಆ ಅಂಗಿಯನ್ನು ಒಗೆದವಳು ಅವಳು, ಆದ್ದರಿಂದ ಅವಳ ಮಾತನ್ನೇ ನಂಬಬೇಕು. ಮಳೆಯನ್ನು ನಾನೇ ಆಮೇಲೆ ಸೇರಿಸಿಕೊಂಡಿರಬೇಕು. ಮಳೆಯಲ್ಲಿ ನೆನೆಯುತ್ತ ಕೆಲಸ ಮಾಡುವವನ ಮೇಲೆ ಓದುವವರಿಗೆ ತುಸು ಕನಿಕರ ಹುಟ್ಟುತ್ತದೆ. ಮಳೆಯನ್ನು ತೆಗೆದುಹಾಕುತ್ತೇನೆ.

ಗಾಡಿ ಹೆಂಡತಿಯ ಹೆಸರಿನಲ್ಲಿದೆ. ಹಿಟ್ಟಿನ ವ್ಯಾಪಾರವೂ ಅವಳದೇ. ನೆಲಮಹಡಿಯ ಒಂದು ಕೋಣೆಯಲ್ಲಿ ಗ್ರೈಂಡರುಗಳಿವೆ. ಸಂಜೆ ಅರೆದ ಇಡ್ಲಿ ಹಿಟ್ಟು ಸ್ಟೀಲಿನ ಕ್ಯಾನುಗಳಲ್ಲಿ ರಾತ್ರಿಯಿಡೀ ಉಬ್ಬಿ, ಬೆಳಕು ಹರಿಯುವ ಹೊತ್ತಿಗೆ ಕಲ್ಯಾಣದ ಹೋಟೆಲುಗಳನ್ನು ಮುಟ್ಟಬೇಕು. ನಾನು ಲೆಕ್ಕ ಬರೆಯುತ್ತಿದ್ದ ಬಣ್ಣದ ಕಾರ್ಖಾನೆ ಮುಚ್ಚುವವರೆಗೆ ಗಾಡಿ ಓಡಿಸುತ್ತಿದ್ದವಳೂ ಅವಳೇ. ಕಾರ್ಖಾನೆ ಮುಚ್ಚಿದ ಮೇಲೆ ಒಂದು ಬೆಳಿಗ್ಗೆ ಕೀಲಿಯನ್ನು ನನ್ನ ಚಹಾ ಲೋಟದ ಪಕ್ಕದಲ್ಲಿಟ್ಟು, "ನನಗೆ ಬೆನ್ನು ನೋವು ಮಾರಾಯ್ರೆ, ಗಾಡಿ ಇನ್ನು ನೀವೇ ಬಿಡಿ" ಅಂದಳು. ಅವಳ ಬೆನ್ನಿಗೆ ಏನೂ ಆಗಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಹಾಗೆ ಕೈಗೆ ಬಂದ ಗಾಡಿಯನ್ನು ನನ್ನದೆಂದುಕೊಳ್ಳಲು ನನಗೆ ತೋಚಿದ ದಾರಿ ಒಂದೇ: ಅದಕ್ಕೆ ಏನಾದರೂ ಮಾಡುತ್ತಲೇ ಇರುವುದು. ಫೋನಿನಲ್ಲಿ ವಿಡಿಯೊ ನೋಡಿ ಎಂಜಿನ್ ಆಯಿಲ್ ಬದಲಿಸಿದೆ. ಏರ್ ಫಿಲ್ಟರ್ ಬಿಚ್ಚಿ ಧೂಳು ಕೊಡವಿದೆ. ಕ್ಯಾನುಗಳು ಉರುಳದಂತೆ ಹಿಂಬದಿಗೆ ಮರದ ಅಡ್ಡಪಟ್ಟಿ ಹೊಡೆದೆ. ಚೆಲ್ಲಿದ ಹುಳಿಹಿಟ್ಟು ತಗಡನ್ನು ತಿಂದುಹಾಕಿದ್ದ ಕಡೆ ಮರಳುಕಾಗದ ಉಜ್ಜಿ ಕೆಂಪು ಪ್ರೈಮರ್ ಬಳಿದೆ. ರಿವರ್ಸ್ ಹಾಕಿದರೆ ಹಕ್ಕಿಯಂತೆ ಕೂಗುವ ಹಾರ್ನ್ ಕೂಡ ಕೂಡಿಸಿದ್ದೆ. ಸೊಸೈಟಿಯ ಸೆಕ್ರೆಟರಿ ಲುಂಗಿಯಲ್ಲೇ ಕೆಳಗಿಳಿದು ಬಂದು ತೆಗೆಸಿದರು. ಪ್ರತಿ ಕೆಲಸ ಮುಗಿದಾಗಲೂ ಹೆಂಡತಿಯನ್ನು ಕರೆದು ತೋರಿಸುತ್ತಿದ್ದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, "ಚೆಂದ ಆಗಿದೆ" ಎಂದು ಒಳಗೆ ಹೋಗುತ್ತಿದ್ದಳು.

ವಾಶಿಯ ಸಗಟು ಮಾರ್ಕೆಟ್ಟಿನಿಂದ ಅಕ್ಕಿ ತರುವ ದಿನ ಮಾತ್ರ ಗಾಡಿಯ ಹಿಂಭಾಗ ಕುಸಿಯುತ್ತಿತ್ತು. ಶಿಳ್ ಫಾಟಾ ರಸ್ತೆಯ ಗುಂಡಿಗಳಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜಿ ರಬ್ಬರು ಸುಟ್ಟ ವಾಸನೆ ಬರುತ್ತಿತ್ತು. ಆಗ ಸಲಹೆ ಕೊಟ್ಟವನು ನಮ್ಮ ಹಮಾಲ. ವಿಜಯಪುರದ ಕಡೆಯವನು, ದಿವಾದಲ್ಲಿ ಮನೆ, ನಸುಕಿನ ಲೋಕಲ್ ರೈಲಿಗೆ ಬಂದು ಕ್ಯಾನುಗಳನ್ನು ಏರಿಸಿ ಇಳಿಸುವವನು.

"ಅಣ್ಣಾರ, ಒಂದ ಪಾಟಾ ಜಾಸ್ತಿ ಹಾಕ್ರಿ. ನಿಮ್ಮ ಗಾಡಿ ಈಗ ಈಯಾಕ ಬಂದ ಎಮ್ಮಿ ನಿಂತಾಂಗ ನಿಂತದ."

ಪಾಟಾ ಎಂದರೆ ಹಿಂದಿನ ಅಚ್ಚಿನ ಮೇಲೆ ಬಿಲ್ಲಿನಂತೆ ಬಾಗಿ, ಒಂದರ ಮೇಲೊಂದು ಕೂತು ಭಾರ ತಡೆಯುವ ಉಕ್ಕಿನ ಪಟ್ಟಿ.

"ಗ್ಯಾರೇಜಿಗೆ ಬಿಡಬೇಕಾ?" ಎಂದೆ.

"ಗ್ಯಾರೇಜ್ ಯಾಕ್ರಿ? ನೀವ ಈಗ ಅರ್ಧಾ ಮೆಕ್ಯಾನಿಕ್ ಆಗೀರಲ್ಲ."

ಅರ್ಧ ಎಂಬುದು ನನ್ನ ಕಿವಿಗೆ ಬೀಳಲಿಲ್ಲ.

ಕಳವಾ ಸ್ಟೇಷನ್ನಿನ ಬಳಿಯ ಒಂದು ಗುಜರಿ ಅಂಗಡಿಯಲ್ಲಿ ಪಾಟಾ ಸಿಕ್ಕಿತು. ತೆಳ್ಳಗಿನವು ಇದ್ದವು, ದಪ್ಪದ ಒಂದು ಜೋಡಿ ಆರಿಸಿದೆ. ಯಾವುದೋ ದೊಡ್ಡ ಟೆಂಪೋದಿಂದ ಬಿಚ್ಚಿದ್ದು ಎಂದು ಅಂಗಡಿಯವನು ಹೇಳಿದ್ದು ಮೆಚ್ಚಿಕೆಯ ಮಾತಾಗಿ ಕೇಳಿಸಿತು. ಮರುದಿನ ಜಾಕ್ ಕೊಟ್ಟು ಹಿಂಭಾಗ ಎತ್ತಿ, ಕೆಳಗೆ ಮರದ ತುಂಡು ಇಟ್ಟು, ಬೋಲ್ಟು ಬಿಚ್ಚಿ, ಹೊಸ ಪಾಟಾ ಒಳಗೆ ತುರುಕಿ, ಅದೇ ದಪ್ಪದ ಇನ್ನೊಂದನ್ನು ಆ ಬದಿಗೂ ಹಾಕಿ ನಟ್ಟು ಬಿಗಿದೆ. ಕೈಬಲ ಸಾಲದೆಂದು ಸ್ಪ್ಯಾನರಿನ ಹಿಡಿಗೆ ಕಬ್ಬಿಣದ ಪೈಪು ಸೇರಿಸಿ ಇನ್ನಷ್ಟು ಬಿಗಿದೆ. ಗಲ್ಲಿಯಲ್ಲಿ ಹೋಗಿಬರುವವರು ನಿಂತು ನೋಡುತ್ತಿದ್ದರು. ಅವರು ನಿಂತಷ್ಟೂ ನಾನು ಬಿಗಿಯುತ್ತಿದ್ದೆ. ಜಾಕ್ ಇಳಿಸಿದರೆ ಗಾಡಿ ಬಾಲ ಎತ್ತಿ ನಿಂತಿತ್ತು. ಹೆಂಡತಿಯನ್ನು ಕರೆದೆ. ಚೆಂದ ಆಗಿದೆ ಅಂದಳು.

ಆ ವಾರವೇ ಕಲ್ಯಾಣ ಸ್ಟೇಷನ್ನಿನ ಬಳಿಯ ಹೋಟೆಲಿನ ಧಣಿ ಅವಳಿಗೆ ಫೋನ್ ಮಾಡಿದರು. ಊರಿನ ಕಡೆಯವರು, ಅವಳು ವ್ಯಾಪಾರ ಶುರುಮಾಡಿದಾಗ ಮೊದಲು ಹಿಟ್ಟು ತೆಗೆದುಕೊಂಡವರು. ಅವರು ತೆಗೆದುಕೊಳ್ಳುತ್ತಾರೆ ಎಂದೇ ಉಳಿದ ಹೋಟೆಲಿನವರೂ ತೆಗೆದುಕೊಳ್ಳುತ್ತಿದ್ದುದು. ಫೋನು ಸ್ಪೀಕರಿನಲ್ಲಿತ್ತು.

"ಅಮ್ಮಾ, ಎಂತ ಇದು? ಇಡ್ಲಿಯಾ, ಸೆಟ್ ದೋಸೆಯಾ? ಸಾಂಬಾರಿಗೆ ಹಾಕಿದ್ರೆ ಕಲ್ಲಿನ ಹಾಗೆ ತಳಕ್ಕೆ ಹೋಗ್ತದೆ. ಗಿರಾಕಿ ಅದನ್ನು ಚಮಚದಲ್ಲಿ ಹುಡುಕೂದು ನೋಡ್ಲಿಕ್ಕೆ ಆಗೂದಿಲ್ಲ ನನಗೆ."

"ಉದ್ದು ಬದಲಾಯಿಸಿ ನೋಡ್ತೇನೆ ಅಣ್ಣಾ."

"ನೋಡಿ. ಭಾನುವಾರದವರೆಗೆ ನಾನೂ ನೋಡ್ತೇನೆ. ಆಮೇಲೆ ಬೇರೆಯವರ ಹತ್ರ ಹಿಟ್ಟಿಗೆ ಹೇಳಿದೆ ಅಂತ ಬೈಬೇಡಿ."

ಅವಳು ಉದ್ದು ಬದಲಿಸಿದಳು. ಟ್ಯಾಂಕರಿನ ನೀರು ಬಿಟ್ಟು ಕುಡಿಯುವ ನೀರಿನಲ್ಲಿ ನೆನೆಹಾಕಿದಳು. ಗ್ರೈಂಡರಿನ ಕಲ್ಲುಗಳನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದಳು. ಬೆಳಿಗ್ಗೆ ನೋಡಿದರೆ ಹಿಟ್ಟು ಮುಚ್ಚಳ ನೂಕುವಂತೆ ಉಬ್ಬಿರುತ್ತಿತ್ತು, ಕಲ್ಯಾಣದಿಂದ ಮತ್ತೆ ಅದೇ ದೂರು ಬರುತ್ತಿತ್ತು. ಅವಳ ತಾಯಿ ಊರಿನಿಂದ ಫೋನಿನಲ್ಲಿ, ಅರೆದ ಮೇಲೆ ಕೈಹಾಕಿ ಕಲಸುವವರು ಯಾರು ಎಂದು ಕೇಳಿದರು. ನಮ್ಮ ಕಡೆ ಹಿಟ್ಟು ಉಬ್ಬಿ ಬರುವುದು ಕಲಸುವ ಕೈಯ ಬಿಸಿಗೆ, ಕೈಗುಣಕ್ಕೆ ಎಂದು ನಂಬುತ್ತಾರೆ. ಅಂದು ಸಂಜೆ ಅವಳು ತಾನು ಕಲಸಲಿಲ್ಲ. ಪಕ್ಕದ ಮನೆಯ ಹೆಂಗಸನ್ನು ಕರೆದು ಕಲಸಲು ಹೇಳಿ, ತಾನು ಬಾಗಿಲ ಬಳಿ ನಿಂತಿದ್ದಳು. ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ನಾನು ಅಲ್ಲೇ ಇದ್ದೆ. ಏನಾದರೂ ಹೇಳಬೇಕಲ್ಲ ಎಂದು, "ಅಕ್ಕಿ ಹೊಸತಿರಬೇಕು" ಅಂದೆ.

ನನಗೆ ಆಗಲೇ ಗೊತ್ತಿತ್ತೇ? ಈ ಜಾಗದಲ್ಲಿ ನೆನಪು ನನ್ನ ಮುಂದೆ ಎರಡು ಹಾಳೆ ಹಿಡಿಯುತ್ತದೆ. ಒಂದರಲ್ಲಿ ನನಗೆ ಏನೂ ಗೊತ್ತಿಲ್ಲ. ಪತ್ರಿ ಪೂಲ್ ಸೇತುವೆ ಇಳಿಯುವಾಗ ಹಿಂದೆ ಕ್ಯಾನುಗಳ ಮುಚ್ಚಳಗಳು ತಾಳ ಹಾಕುತ್ತವೆ, ನಾನು ರೇಡಿಯೊ ಕೇಳುತ್ತ ಹೋಗುತ್ತೇನೆ. ಇನ್ನೊಂದರಲ್ಲಿ ಮುಚ್ಚಳಗಳು ತಾಳ ಹಾಕುತ್ತವೆ, ನಾನು ರೇಡಿಯೊದ ಸದ್ದು ಹೆಚ್ಚಿಸುತ್ತೇನೆ. ಮೊದಲನೆಯದನ್ನು ಬರೆಯುವುದು ಸುಲಭ, ವಾಕ್ಯ ತಾನಾಗಿ ಬರುತ್ತದೆ. ಅದಕ್ಕೇ ಅದರ ಮೇಲೆ ನನಗೆ ಅನುಮಾನ.

ಶನಿವಾರ ಬೆಳಿಗ್ಗೆ ಅವಳು ತಾನೂ ಬರುತ್ತೇನೆಂದು ಗಾಡಿಯ ಮುಂದೆ ಹತ್ತಿ ಕೂತಳು. ಮಡಿಲಲ್ಲಿ ಒಂದು ಮುಚ್ಚಳದ ಡಬ್ಬಿ. ಹಿಂದಿರುವ ಕ್ಯಾನಿನಿಂದಲೇ ತೆಗೆದ ಹಿಟ್ಟು ಅದರಲ್ಲಿತ್ತು. ತಾಕುರ್ಲಿಯ ಹತ್ತಿರ ಒಂದು ಗುಂಡಿಗೆ ಇಳಿದಾಗ ಹಿಂದಿನಿಂದ ಬಂದ ಸದ್ದಿಗೆ ತಿರುಗಿ ಗಾಜಿನಲ್ಲಿ ನೋಡಿದಳು. ಆಮೇಲೆ ಡಬ್ಬಿಯನ್ನು ಇನ್ನಷ್ಟು ಮೇಲಕ್ಕೆ, ಎದೆಗೆ ಒತ್ತಿಕೊಂಡಳು.

ಹೋಟೆಲಿನ ಅಡುಗೆಮನೆಯಲ್ಲಿ ಅವಳು ಧಣಿಗೆ, "ಎರಡನ್ನೂ ಬೇರೆ ಬೇರೆ ತಟ್ಟೆಯಲ್ಲಿ ಬೇಯಿಸಿ ಅಣ್ಣಾ. ಹಿಟ್ಟು ಒಂದೇ" ಎಂದಳು. ಉಗಿ ಇಳಿದ ಮೇಲೆ ಅವರು ಒಂದು ತಟ್ಟೆಯ ಇಡ್ಲಿಯನ್ನು ಬೆರಳಿನಿಂದ ಒತ್ತಿದರು. ಅದು ತಗ್ಗಿ ಮತ್ತೆ ಎದ್ದಿತು. ಇನ್ನೊಂದು ತಟ್ಟೆಯದನ್ನು ಒತ್ತಿದರು. ಒತ್ತಿದ ಬೆರಳ ಗುರುತು ಹಾಗೆಯೇ ಉಳಿಯಿತು.

"ಇದು ಮಡಿಲಿನದ್ದು," ಎಂದು ಹೆಂಡತಿ ಮೊದಲಿನ ತಟ್ಟೆ ತೋರಿಸಿದಳು. "ಅದು ಗಾಡಿಯದ್ದು."

ಧಣಿ ಹಿತ್ತಲಿಗೆ ಬಂದರು. ಪಿಕಪ್ಪಿನ ಹಿಂಭಾಗಕ್ಕೆ ಎರಡೂ ಕೈಕೊಟ್ಟು ಮೈಭಾರ ಹಾಕಿ ಒತ್ತಿದರು. ಗಾಡಿ ಅಲುಗಲಿಲ್ಲ. ಬಗ್ಗಿ ಕೆಳಗೆ ನೋಡಿ ಎದ್ದು ನಿಂತರು.

"ಅಲ್ಲ ಮಾರಾಯ್ರೆ, ಇದರಲ್ಲಿ ನೀವು ಹಿಟ್ಟು ತರೂದಾ, ಜಲ್ಲಿ ತರೂದಾ? ಉಬ್ಬಿದ ಹಿಟ್ಟು ಅಂದ್ರೆ ಮಲಗಿದ ಮಗುವಿನ ಹಾಗೆ. ಹೀಗೆ ಕುಕ್ಕಿದ್ರೆ ಗಾಳಿ ಎಲ್ಲ ಹೋಗಿ ಅಂಟು ಉಳೀತದೆ ಅಷ್ಟೆ."

ಪಾತ್ರೆ ತೊಳೆಯುತ್ತಿದ್ದವರು ನಕ್ಕರು. ಕ್ಯಾನು ಇಳಿಸಲು ನಮ್ಮೊಂದಿಗೆ ಬಂದಿದ್ದ ಹಮಾಲನ ಮುಖ ನೋಡಿದೆ. ಅವನು ಕ್ಯಾನಿನ ಹಿಡಿಕೆಯನ್ನು ಪರೀಕ್ಷೆ ಮಾಡುತ್ತಿದ್ದ.

"ನೀನೇ ಅಲ್ವಾ ಹೇಳಿದ್ದು?"

"ಪಾಟಾ ಹಾಕ್ರಿ ಅಂದಿದ್ದೆ ಅಣ್ಣಾರ. ಲಾರಿ ಪಾಟಾ ಹಾಕ್ರಿ ಅಂದಿದ್ದಿಲ್ಲ."

ಮತ್ತೆ ನಗು. ಆ ನಗುವನ್ನು ನಾನು ತಡೆದುಕೊಂಡೆ. ತಡೆಯಲಾಗದ್ದು ಅದಾದ ಮೇಲೆ ಬಂತು. ಹೆಂಡತಿ ನಲ್ಲಿಯ ಕೆಳಗೆ ಕೈತೊಳೆದು, ಅಂಗೈಗಳನ್ನು ತಿರುಗಿಸಿ ನೋಡಿಕೊಂಡು, ಯಾರಿಗೂ ಅಲ್ಲ ಎಂಬಂತೆ ಮೆಲ್ಲಗೆ ಹೇಳಿದಳು: "ಹಾಗಾದ್ರೆ ನನ್ನ ಕೈ ಸರಿ ಉಂಟು."

ಅವಳು ಬೈದಿದ್ದರೆ ನಾನು ಈ ಬರಹವನ್ನು ಬೇರೆ ಥರ ಬರೆಯುತ್ತಿದ್ದೆ. ಬೈದಳು ಎಂದು ಬರೆದೂ ನೋಡಿದೆ, ಜೋರಾದ ಒಂದು ಜಗಳ, ನಾನು ಕ್ಷಮೆ ಕೇಳುವುದು. ಓದಲು ಚೆನ್ನಾಗಿತ್ತು. ಅಂಥದ್ದೇನೂ ನಡೆಯಲಿಲ್ಲ.

ಮನೆಗೆ ಬಂದವನೇ ಗಾಡಿಯ ಕೆಳಗೆ ತೂರಿದೆ. ನಟ್ಟು ಅಲ್ಲಾಡಲಿಲ್ಲ. ಸ್ಪ್ಯಾನರಿಗೆ ಮತ್ತೆ ಪೈಪು ಸೇರಿಸಿ ಜಗ್ಗಿದೆ. ಬಿಗಿಯುವಾಗಲೇ ಸವೆದಿದ್ದ ನಟ್ಟಿನ ಮೂಲೆಗಳು ಈಗ ಪೂರ್ತಿ ಉರುಟಾದವು. ಸ್ಪ್ಯಾನರು ಅದರ ಸುತ್ತ ಸುಮ್ಮನೆ ಜಾರತೊಡಗಿತು. ಗ್ಯಾರೇಜಿನವನು ಬಂದು ಟಾರ್ಚ್ ಹಾಕಿ ನೋಡಿ, "ಯಾರು ಬಿಗಿದದ್ದು?" ಎಂದು ಹಿಂದಿಯಲ್ಲಿ ಕೇಳಿದ. ನಾನು ಸ್ಪ್ಯಾನರನ್ನು ಬೆನ್ನ ಹಿಂದೆ ಸರಿಸಿದ್ದೇ ಅವನಿಗೆ ಉತ್ತರವಾಯಿತು. ಗ್ಯಾಸಿನಿಂದ ಕತ್ತರಿಸಬೇಕು, ಸೋಮವಾರ ತನ್ನಿ ಎಂದು ಹೋದ. ಧಣಿ ಹೇಳಿದ್ದ ಭಾನುವಾರ ಮಾರನೆಯ ಬೆಳಿಗ್ಗೆಯೇ ಇತ್ತು. ಬಾಡಿಗೆ ಟೆಂಪೋದವರು ಅಷ್ಟು ನಸುಕಿಗೆ ಬರಲು ಒಪ್ಪಲಿಲ್ಲ.

ಹೆಂಡತಿ ಮೆಟ್ಟಿಲ ಮೇಲೆ ಕೂತು ಗಾಡಿಯನ್ನೇ ನೋಡುತ್ತಿದ್ದಳು.

"ವಾಶಿಯಿಂದ ಅಕ್ಕಿ ತುಂಬಿಸಿ ಬರುವಾಗ ಕುಣೀತದಾ ಇದು?"

"ಇಲ್ಲ. ಭಾರಕ್ಕೆ ಪಾಟಾ ತಗ್ಗುತ್ತದಲ್ಲ."

"ಹಾಗಾದ್ರೆ ಅಕ್ಕಿ ತುಂಬಿಸಿ."

ಕೋಣೆಯಲ್ಲಿದ್ದ ಅಕ್ಕಿ ಚೀಲಗಳನ್ನೆಲ್ಲ ಭಾನುವಾರ ನಸುಕಿನಲ್ಲಿ ಗಾಡಿಗೆ ಏರಿಸಿದೆವು. ಚೀಲಗಳ ಸಂದಿಯಲ್ಲಿ ಕ್ಯಾನುಗಳು ಕೂತವು. ಹಮಾಲ ಹಿಂಬದಿಯನ್ನು ಅಲುಗಿಸಿ ನೋಡಿದ.

"ಅಕ್ಕಾರ, ಇನ್ನೂ ಒಂದೀಟ ಭಾರ ಬೇಕ ನೋಡ್ರಿ."

ಅವಳು ನನ್ನ ಕಡೆ ನೋಡಿದಳು. ನಾನು ಚೀಲಗಳ ಮೇಲೆ ಹತ್ತಿದೆ. ಹಮಾಲನೂ ಹತ್ತಿ, "ಸರೀರಿ ಅಣ್ಣಾರ, ಇವತ್ತ ನಾವಿಬ್ಬರೂ ಮಾಲ" ಎಂದು ನಕ್ಕ. ಅವಳು ಕೈಚಾಚಿದಳು. ಕಿಸೆಯಿಂದ ಕೀಲಿ ತೆಗೆದು ಕೊಟ್ಟೆ.

ಹಾಲು ತರಲು ಇಳಿದ ಸೆಕ್ರೆಟರಿ ಗೇಟಿನಲ್ಲಿ ನಿಂತು ನಮ್ಮನ್ನು ನೋಡಿದರು. ಸಿಗ್ನಲ್ಲಿನಲ್ಲಿ ಕಾರ್ಖಾನೆಯ ಹಳೆಯ ಸಹೋದ್ಯೋಗಿಯೊಬ್ಬರ ಸ್ಕೂಟರು ಪಕ್ಕಕ್ಕೆ ಬಂದು ನಿಂತಿತು. ತಲೆ ತಗ್ಗಿಸಿ ಕ್ಯಾನಿನ ಮುಚ್ಚಳ ಸರಿಪಡಿಸುವವನಂತೆ ನಟಿಸಿದೆ. ಅವರು ಗುರುತು ಹಿಡಿದೇ ಹಿಡಿದರು. "ಕಾಯ್ ಸಾಹೇಬ್, ಆಜ್ ಮಾಗೇ?" ಏನು ಸಾಹೇಬರೇ, ಇವತ್ತು ಹಿಂದೆ ಎಂದು. ಮುಂದೆ ಸ್ಟೀಯರಿಂಗ್ ಹಿಡಿದವಳನ್ನೂ ನೋಡಿದರು. ನಾನು ನಕ್ಕೆ. ಎಂಥ ನಗು ಎಂದು ನನಗೆ ತಿಳಿಯದು, ಅದನ್ನು ಅವರೇ ಹೇಳಬೇಕು.

ಅವಳು ಗುಂಡಿ ಬರುವ ಮೊದಲೇ ವೇಗ ತಗ್ಗಿಸುತ್ತಿದ್ದಳು. ನಾನು ಎರಡು ಕೈಗಳಲ್ಲಿ ಎರಡು ಕ್ಯಾನು ಹಿಡಿದು ಕೂತಿದ್ದೆ. ಪ್ರತಿ ಉಬ್ಬುತಗ್ಗೂ ಚೀಲಗಳ ಮೂಲಕ ಬೆನ್ನುಹುರಿಗೆ ಬರುತ್ತಿತ್ತು. ಅಷ್ಟು ಭಾರ ಹೇರಿದ ಮೇಲೂ ಹೀಗಾದರೆ, ಬರೀ ಕ್ಯಾನುಗಳಿದ್ದಾಗ ಅದರೊಳಗಿನ ಹಿಟ್ಟಿಗೆ ಏನಾಗಿರಬೇಕು?

ಹೋಟೆಲಿನ ಅಡುಗೆಮನೆಗೆ ನಾನು ಹೋಗಲಿಲ್ಲ. ಚೀಲದ ಮೇಲೆಯೇ ಕೂತಿದ್ದೆ. ಒಳಗೆ ಉಗಿಪಾತ್ರೆಯ ಮುಚ್ಚಳ ಮುಚ್ಚಿದ ಸದ್ದು. ಬಹಳ ಹೊತ್ತಿನ ನಂತರ ತೆರೆದ ಸದ್ದು. ಆಮೇಲೆ ಅವರು ಹೊರಬರುವವರೆಗೆ ಎಷ್ಟು ಹೊತ್ತಾಯಿತೆಂದು ನಾನು ಹೇಳಿದರೆ ನಂಬಬೇಡಿ.

ಧಣಿ ಅವಳ ಜೊತೆ ಹೊರಗೆ ಬಂದರು. ಅವರ ಕೈಯಲ್ಲಿ ಅರ್ಧ ಇಡ್ಲಿ ಇತ್ತು, ಬಾಯಲ್ಲಿ ಇನ್ನರ್ಧ.

"ನಾಳೆಯೂ ತನ್ನಿ ಅಮ್ಮಾ," ಎಂದರು. ಗಾಡಿಯ ಕಡೆ ತಿರುಗಿದರು, ನನ್ನನ್ನು ನೋಡಲಿಲ್ಲ. "ಆದ್ರೆ ಒಂದು. ಇನ್ನು ಗಾಡಿ ನೀವೇ ಬಿಡಬೇಕು. ಹಾಗಾದ್ರೆ ಮಾತ್ರ."

"ಆಯ್ತು ಅಣ್ಣಾ," ಎಂದಳು. ತಡಮಾಡದೆ ಹೇಳಿದಳು.

ಹಮಾಲ ಖಾಲಿ ಕ್ಯಾನುಗಳನ್ನು ಏರಿಸಿ, ಸ್ಟೇಷನ್ನಿನ ಕಡೆ ನಡೆದ. ಅವಳು ಮುಂದೆ ಹತ್ತಿ, ಎಡಬದಿಯ ಬಾಗಿಲನ್ನು ಒಳಗಿನಿಂದ ತೆರೆದಳು.

"ಮುಂದೆ ಬನ್ನಿ."

"ಅಕ್ಕಿ ಉಂಟಲ್ಲ," ಎಂದೆ. "ಚೀಲ ಜಾರೀತು. ಇಲ್ಲೇ ಕೂತ್ಕೊಳ್ತೇನೆ."

ಎಂಜಿನ್ ಚಾಲೂ ಇಟ್ಟುಕೊಂಡು ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಬಗ್ಗಿ ಬಾಗಿಲು ಎಳೆದುಕೊಂಡು ಗೇರ್ ಹಾಕಿದಳು.