ಆಗದೇ ಹೋದ ಅಪಘಾತಗಳ ಬೆನ್ನು ಹತ್ತಿದಾಕೆ

ಈಗಷ್ಟೇ ಬೆಳಕು ಹರಿಯುತ್ತಿದೆ. ವಿಮಾನ ನಿಲ್ದಾಣದ ಹಿಂಬದಿಯ ಕ್ಯಾಂಟೀನಿನಲ್ಲಿ, ರಾತ್ರಿಪಾಳಿ ಮುಗಿಸಿದ ಲೋಡರುಗಳ ನಡುವೆ ಬೆಂಚಿನ ತುದಿಗೆ ಕುಳಿತ ಹೆಂಗಸು ಕೇಳುವುದು ಒಂದೇ ಪ್ರಶ್ನೆ: "ಈ ವಾರ ಸ್ವಲ್ಪದರಲ್ಲಿ ತಪ್ಪಿದ್ದು ಏನಾದ್ರೂ ಇದೆಯಾ?"

"ಹೆಂಡತಿ ಕೈಯಿಂದ ನಾನು ತಪ್ಪಿಸಿಕೊಂಡೆ, ನಡೆಯುತ್ತಾ?" ಎನ್ನುತ್ತಾನೆ ಒಬ್ಬ.

"ಅದು ನಮ್ಮ ಇಲಾಖೆಗೆ ಬರಲ್ಲಪ್ಪ. ರೆಕ್ಕೆ ಇರೋದರ ವಿಷಯ ಹೇಳು."

ನಗು ಮುಗಿಯುವ ಹೊತ್ತಿಗೆ ಯಾರಾದರೊಬ್ಬರು "ಸದ್ಯ, ಏನೂ ಆಗ್ಲಿಲ್ಲ" ಎಂದು ಶುರು ಮಾಡುತ್ತಾರೆ. ಅದಕ್ಕೇ ಈಕೆ ಎಲ್ಲರಿಗೂ 'ಸದ್ಯಕ್ಕ'.

ಒಂದು ಕಾಲಕ್ಕೆ ವಿಮಾನಕ್ಕೆ ಏಣಿ ಗಾಡಿ ಹಚ್ಚುತ್ತಿದ್ದ ಈಕೆ ಈಗ ದೇಶದ ವಿಮಾನ ಸುರಕ್ಷತಾ ಇಲಾಖೆಯಲ್ಲಿದ್ದಾರೆ. ನಿಲ್ದಾಣದಿಂದ ನಿಲ್ದಾಣಕ್ಕೆ ಅಲೆದು, ಅಪಘಾತ ಹುಟ್ಟುವ ಮೊದಲೇ ಅದರ ಜಾಡು ಹಿಡಿಯುವುದು ಕೆಲಸ. "ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕೋರು ಬೇಕಾದಷ್ಟು ಜನ. ನಾನು ಮೊದಲೇ ಅಗಳಿ ಅಲ್ಲಾಡಿಸಿ ನೋಡೋಳು" ಎನ್ನುತ್ತಾರೆ. ಅತ್ತೆಗೆ ಮಾತ್ರ ಇದೊಂದು ತಮಾಷೆ: "ಆಗದೇ ಇರೋದನ್ನ ಹುಡುಕೋಕೆ ಸಂಬಳ ಬೇರೆ ಕೊಡ್ತಾರಂತೆ, ನಮ್ಮ ಸೊಸೆಗೆ!"

ಕಷ್ಟವಿರುವುದು ಮುಚ್ಚಿದ ಬಾಯಿಗಳಲ್ಲಿ. ಅರಿಯದೆ ಆದದ್ದನ್ನು ತಾವೇ ಬಂದು ಹೇಳಿದವರಿಗೆ ಶಿಕ್ಷೆಯಿಲ್ಲ ಎಂದು ಇಲಾಖೆ ಮಾತು ಕೊಟ್ಟಿದೆ. ಆದರೂ ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಭಯ ಹೋಗಿಲ್ಲ. ಈ ಮಳೆಗಾಲಕ್ಕೆ ಮುಂಚೆ ಇಲಾಖೆ ಕೊಟ್ಟ ಆ ಮಾತೇ ಪಣಕ್ಕೆ ಬಿತ್ತು.

ಇದೇ ನಿಲ್ದಾಣದ ಲಗೇಜು ಟ್ರ್ಯಾಕ್ಟರಿನ ಡ್ರೈವರೊಬ್ಬ ಸದ್ಯಕ್ಕನಿಗೆ ಹೇಳಿದ್ದ: ಬೆಳಗಿನ ಬಿಸಿಲು ಕಟ್ಟಡದ ಹೊಸ ಗಾಜಿನ ಗೋಡೆಗೆ ಬಡಿದು ತಿರುವಿನಲ್ಲಿ ಕಣ್ಣು ಕೋರೈಸಿತು, ಟ್ರಾಲಿ ವಿಮಾನದ ಎಂಜಿನ್ನಿಗೆ ಗೇಣು ದೂರದಲ್ಲಿ ಹಾದುಹೋಯಿತು. "ನನ್ನ ಕಣ್ಣೇ ಕೆಟ್ಟಿದೆ ಅಂದ್ಕೊಂಡು ಸುಮ್ಮನಿದ್ದೆ ಅಕ್ಕ." ಗಾಜಿನ ಗೋಡೆಯಿದ್ದ ಬೇರೆ ನಿಲ್ದಾಣಗಳಲ್ಲೂ ಸದ್ಯಕ್ಕ ಇದನ್ನೇ ಕೇಳಿದ್ದರು. ಎಲ್ಲರೂ ತಮ್ಮ ತಮ್ಮ ಕಣ್ಣನ್ನೇ ಬೈದುಕೊಳ್ಳುತ್ತಿದ್ದರು.

ಸದ್ಯಕ್ಕ ಡ್ರೈವರನ ಹೆಸರು ಹೇಳದೆ ಇಲಾಖೆಗೆ ತಿಳಿಸಿದರೂ ನಿಲ್ದಾಣದ ಮ್ಯಾನೇಜರು ಆಳು ಯಾರೆಂದು ಊಹಿಸಿ, ಕೆಲಸದಿಂದ ತೆಗೆದು ಮನೆಗೆ ಕಳಿಸಿಬಿಟ್ಟರು. ಸದ್ಯಕ್ಕ ಹೋಗಿ ಅವರೆದುರು ನಿಂತರು.

"ಏನೂ ಆಗಿಲ್ವಲ್ಲಮ್ಮಾ, ಯಾಕಿಷ್ಟು ರಂಪ?"

"ಆಗಿಲ್ಲ ಸಾರ್, ಅದಕ್ಕೇ ಬಂದೆ. ಹೇಳಿದವನ ಅನ್ನ ಕಿತ್ಕೊಂಡ್ರೆ ನಾಳೆಯಿಂದ ದೇಶದಲ್ಲಿ ಯಾರೂ ಬಾಯಿ ಬಿಡಲ್ಲ. ಆಮೇಲೆ ವಿಮಾನವೇ ಹೇಳಬೇಕಾಗುತ್ತೆ."

ಮರುದಿನ ಸೂರ್ಯ ಏಳುವ ಹೊತ್ತಿಗೆ ಅದೇ ತಿರುವಿನಲ್ಲಿ ನಿಲ್ಲಿಸಿದ ಟ್ರ್ಯಾಕ್ಟರಿನ ಸೀಟಿನ ಮೇಲೆ ಮ್ಯಾನೇಜರನ್ನು ಕೂರಿಸಿದರು. ಬಿಸಿಲು ಗಾಜಿಗೆ ಬಿತ್ತು. ಮ್ಯಾನೇಜರು ಎರಡೂ ಕೈ ಕಣ್ಣಿಗೆ ಅಡ್ಡ ಹಿಡಿದರು. ಕೆಳಗಿಳಿದವರೇ, "ಆ ಡ್ರೈವರಿಗೆ ಫೋನ್ ಮಾಡ್ರಯ್ಯಾ, ಬರೋಕೆ ಹೇಳಿ" ಎಂದರು.

ಈಗ ದೇಶದಲ್ಲಿ ಅಂಥ ಗೋಡೆಯಿರುವ ನಿಲ್ದಾಣಗಳಲ್ಲೆಲ್ಲ ಗಾಜು ಮಂಕಾಗಿದೆ, ಟ್ರ್ಯಾಕ್ಟರಿನ ದಾರಿ ಬದಲಾಗಿದೆ. ಅದಕ್ಕಿಂತ ದೊಡ್ಡ ಗೆಲುವು ಈ ಕ್ಯಾಂಟೀನಿನಲ್ಲಿದೆ. "ಹೇಳ್ರೋ, ಹೇಳಿದ ನಾನು ಇನ್ನೂ ಇಲ್ಲೇ ಇದ್ದೀನಲ್ಲ!" ಎಂದು ಆ ಡ್ರೈವರು ಎದೆಯುಬ್ಬಿಸಿ ಕೂಗುತ್ತಾನೆ. ಇಂಧನ ತುಂಬುವವರು, ಕಸ ಗುಡಿಸುವ ಹೆಂಗಸರು ಬೆಂಚು ಎಳೆದುಕೊಂಡು ಸುತ್ತ ಕೂರುತ್ತಾರೆ. ನಾ ಮುಂದು, ತಾ ಮುಂದು ಎಂಬ ಗದ್ದಲ.

ಇನ್ನೇನು ಬೇಕು ಎಂದರೆ ಸದ್ಯಕ್ಕ ನಗುತ್ತಾರೆ: "ವಿಮಾನ ಇಳಿದ ಜನ ಲಗೇಜು ತಡವಾಯ್ತು ಅಂತ ಬೈಕೊಂಡು ಮನೆಗೆ ಹೋಗ್ತಾರಲ್ಲ, ಬೈಯೋಕೆ ಅವರಿಗೆ ಅದೊಂದೇ ಇರಲಿ. ನನಗೆ ಅಷ್ಟು ಸಾಕು."