ವೈನ್ ತೋಟದಲ್ಲಿ ನನ್ನ ಬಲಗೈ

ನನ್ನ ಬಲಗೈಯನ್ನು ನಾನು ನಂಬುವುದಿಲ್ಲ. ನಂಜನಗೂಡಿನಲ್ಲಿ ಹುಟ್ಟಿ ಬೆಳೆದ ಕೈ. ಎದುರಿಗೆ ಯಾರಾದರೂ ಏನನ್ನಾದರೂ ಚೂರೇ ಚೂರು ಬಗ್ಗಿಸಿದರೆ ಸಾಕು, ತಾನಾಗಿಯೇ ಬಟ್ಟಲಾಗಿ ಮುಂದೆ ಹೋಗುತ್ತದೆ.

ಎರಡು ಸಾವಿರದ ಏಳನೇ ಇಸವಿಯೋ ಎಂಟೋ, ನಾಸಿಕದ ವೈನ್ ತೋಟಗಳನ್ನು ನೋಡುವ ಹುಚ್ಚು ನನಗೆ ಹತ್ತಿತು. ಗುಡ್ಡ, ಅಣೆಕಟ್ಟಿನ ನೀರು, ತೋಟದೊಳಗೇ ಜೋಳದ ಭಾಕ್ರಿ ಊಟ ಎಂದೆಲ್ಲ ಪತ್ರಿಕೆಯಲ್ಲಿ ಓದಿದ್ದೆ. ಮನೆಯಲ್ಲಿ ಮಾತ್ರ ತ್ರ್ಯಂಬಕೇಶ್ವರನ ದರ್ಶನ, ಹಾಗೇ ಒಂದು ದ್ರಾಕ್ಷಿ ತೋಟ ಎಂದೆ. ದೇವರ ಹೆಸರು ಕೇಳಿ ತಿ. ನರಸೀಪುರದ ಭಾವ, ನನ್ನ ಅಕ್ಕನ ಗಂಡ, ತಾವೂ ಹೊರಟುಬಿಟ್ಟರು. ಬಾಳೆ ಬೆಳೆಯುವವರು, ಕೊರಳಲ್ಲಿ ಲಿಂಗ, ಮೇಲೆತ್ತಿ ಕಟ್ಟಿದ ಪಂಚೆ. ಇವರನ್ನು ಕಟ್ಟಿಕೊಂಡು ಹೋದರೆ ನಾಲ್ಕು ಜನರೆದುರು ನನ್ನ ಮಾನ ಉಳಿದೀತೇ ಎಂಬುದೇ ಚಿಂತೆ. ರೈಲಿನುದ್ದಕ್ಕೂ ಪಾಠ ಮಾಡಿದೆ: ಜೋರಾಗಿ ಮಾತಾಡಬೇಡಿ, ಹಣ್ಣು ಕೀಳಬೇಡಿ, ಅಲ್ಲಿ ಕುಡಿಯಲು ಕೊಟ್ಟರೆ ಬೇಡವೆಂದು ತಲೆಯಾಡಿಸಿ.

"ಆಯ್ತು ಕಣಪ್ಪ, ನೀನೇಳ್ದಂಗೆ," ಎಂದರು.

ದರ್ಶನವಾಯಿತು, ತೋಟಕ್ಕೆ ಬಂದೆವು. ಭಾವ ಬಳ್ಳಿಯ ಬುಡದ ಮಣ್ಣು ಮುಟ್ಟಿ ನೋಡಿ ಖುಷಿಪಟ್ಟರು. ಊಟವಾದ ಮೇಲೆ ವೈನ್ ರುಚಿ ನೋಡುವ ಸಾಲಿನಲ್ಲಿ ನಿಂತೆವು. ಹಳೆಯ ಕಾವ್ಯಗಳ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ಆದರೆ ಯಾವ ಕೈ ಚಾಚಬೇಕೆಂದು ಕವಿಗಳು ಹೇಳಿದಂತೆ ಕಾಣೆ. ನನ್ನ ಎಡಗೈಯಲ್ಲಿ ಗಾಜಿನ ಲೋಟವಿತ್ತು, ನಿಜ. ಆದರೆ ವೈನ್ ಕೊಡಲು ನಿಂತಿದ್ದ ಹೆಣ್ಣುಮಗಳು ಬಾಟಲಿ ಬಗ್ಗಿಸಿದ್ದು ಗುಡಿಯಲ್ಲಿ ತೀರ್ಥ ಕೊಡುವಷ್ಟೇ ನಿಧಾನವಾಗಿ. ಬಲಗೈ ಹೋಯಿತು. ವೈನು ಅಂಗೈಗೆ ಬಿತ್ತು. ಕಣ್ಮುಚ್ಚಿ ಕುಡಿದು, ಉಳಿದದ್ದನ್ನು ತಲೆಗೆ ಒರೆಸಿಕೊಂಡೆ.

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಒಬ್ಬಾತ ಕ್ಯಾಮೆರಾ ತೆಗೆದ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಪಕ್ಕದಿಂದ ಇನ್ನೊಂದು ಕೈ ಮುಂದೆ ಬಂತು, ಬಾಳೆಯ ಕರೆ ಹಿಡಿದ ಅಂಗೈ. ಹೆಂಡದಂಗಡಿಯ ನೆರಳನ್ನೂ ತುಳಿಯದ ನಮ್ಮ ಭಾವನದು! ಆಕೆ ಅನುಮಾನಿಸುತ್ತಲೇ ಬಗ್ಗಿಸಿದಳು. ಅವರು ಅಷ್ಟನ್ನೂ ಗಂಭೀರವಾಗಿ ತಲೆಗೆ ಒರೆಸಿಕೊಂಡು ನಕ್ಕವರನ್ನೊಮ್ಮೆ ನೋಡಿದರು. ನಗು ನಿಂತಿತು. ಒಬ್ಬ ಮಾಡಿದರೆ ಪೆದ್ದುತನ, ಇಬ್ಬರು ಮಾಡಿದರೆ ಸಂಪ್ರದಾಯ.

"ಬಾಯಿಗೆ ಬುಟ್ಟಿಲ್ಲ ಕಣಪ್ಪ," ಎಂದರು ಹೊರಗೆ ಬಂದ ಮೇಲೆ. "ನೀನೊಬ್ನೇ ಆಗ್ಬುಟ್ಯಲ್ಲ ಅಂತ."

ಇಂಥವರಿಗೆ ನಾನು ನಡವಳಿಕೆ ಕಲಿಸಲು ಹೋಗಿದ್ದೆ. ಆ ನಾಚಿಕೆ ಇನ್ನೂ ಇಳಿದಿಲ್ಲ.

ಊರಿಗೆ ಬಂದಾಗ ಅಕ್ಕ, "ಎಂಗಿತ್ತು ಆ ತೋಟ?" ಎಂದು ಕೇಳಿದಳು. ನಾನು ತಲೆ ತಗ್ಗಿಸಿದೆ. ಭಾವ ಕಾಲು ತೊಳೆಯುತ್ತ ಹೇಳಿದರು: "ಬಾಳ ಮರ್ವಾದಸ್ತ ಜನ ಕಣಮ್ಮಿ. ಕೈಗೇ ಬುಟ್ಟು ಕೊಡ್ತಾರೆ."