ಎರಡು ತಾಳಿ ಒಂದಾದದ್ದು

ಸ್ನೇಹಿತರೇ, ನನ್ನಂಥ ಸೋದರಮಾವ ಈ ಸೀಮೆಯಲ್ಲೇ ಇಲ್ಲವೆಂದು ಇವತ್ತು ಬೆಳಿಗ್ಗೆಯವರೆಗೂ ನಂಬಿದ್ದೆ. ತೀರಿಕೊಂಡ ಅಕ್ಕನ ಮಗಳು ಗಿರಿಜೆ, ಕೊಂಡಿ ಸವೆದಿದೆಯೆಂದು ತನ್ನ ಎರಡು ತಾಳಿಗಳನ್ನು ನನ್ನ ಕೈಗೆ ಕೊಟ್ಟು, ಕೊರಳಿಗೆ ಅರಿಶಿನದ ಕೊಂಬು ಕಟ್ಟಿಕೊಂಡು ಕಾದಿದ್ದಳು. ಒಂದು ತವರಿನದು, ಇನ್ನೊಂದು ಗಂಡನ ಮನೆಯದು. ನಾನು ಅಜ್ಜಂಪುರದ ಅಕ್ಕಸಾಲಿಗೆ ಹೇಳಿ, ಎರಡನ್ನೂ ಕರಗಿಸಿ, ಎಂಟಾಣೆಯಷ್ಟು ಅಗಲದ ಒಂದೇ ತಾಳಿ ಮಾಡಿಸಿ ತಂದೆ.

"ನೋಡೇ, ನಿಮ್ಮ ಶಿವನಿ ಊರಲ್ಲಿ ಯಾರ ಕೊರಳಲ್ಲೂ ಇಂಥದ್ದಿಲ್ಲ ಕಣೇ!"

ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಮಾವ, ಇದ್ರಲ್ಲಿ ಅಮ್ಮ ಮಾಡ್ಸಿದ್ದು ಯಾವ್ದು?"

ನಾನೂ ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿದೆ.

ಎರಡು ಮನೆ ಒಂದಾಗಲಿ ಎಂದು ಅವಳ ಮದುವೆಯಲ್ಲಿ ಎಲ್ಲರೂ ಅಕ್ಷತೆ ಹಾಕಿ ಸುಮ್ಮನಾದರು. ಬೆಂಕಿಗಿಟ್ಟು ಒಂದು ಮಾಡಿದವನು ನಾನೊಬ್ಬನೇ.